ಸಾಲ್ಸ್‌ಬರ್ಗ್‌ಗೆ ಹೊರಟವರು ಮರೆಯಬಾರದ ಗುರು: ಜೋಸೆಫ್ ಮೋರ್

ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಂಗೀತ ಮಾಂತ್ರಿಕ ಮೋಝಾರ್ಟ್. ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ಸಾಲ್ಸಾಖ್ ನದಿಯ ಎರಡೂ ದಡಗಳಲ್ಲಿ ಹರಡಿರುವ ಈ ಹಳೆಯ ನಗರಕ್ಕೆ ಪ್ರವಾಸ ಹಾಕಿಕೊಳ್ಳುವವರು ಮೋಝಾರ್ಟ್ ಹುಟ್ಟಿದ ಮನೆ, ಬೆಟ್ಟದ ಮೇಲಿನ ಕೋಟೆ, ಕೆಥೆಡ್ರಲ್ ಇವುಗಳನ್ನು ಮೊದಲು ಪಟ್ಟಿ ಮಾಡುತ್ತಾರೆ. ಆದರೆ ಇದೇ ನಗರದ ಒಂದು ಬಡ ಓಣಿಯಲ್ಲಿ ಹುಟ್ಟಿದ ಇನ್ನೊಬ್ಬರ ಹಾಡು ಪ್ರತಿ ಕ್ರಿಸ್ಮಸ್‌ಗೆ ನಮ್ಮ ಕರಾವಳಿಯ ಚರ್ಚ್‌ಗಳಲ್ಲೂ ಕೇಳಿಬರುತ್ತದೆ. ಅವರೇ 'ಸೈಲೆಂಟ್ ನೈಟ್' ಗೀತೆಯನ್ನು ಬರೆದ ವಂದನೀಯ ಜೋಸೆಫ್ ಮೋರ್. ಅವರಿಗಾಗಿ ಪ್ರವಾಸದಲ್ಲಿ ಒಂದೆರಡು ದಿನ ತೆಗೆದಿಟ್ಟರೆ ಅದು ವ್ಯರ್ಥವಾಗದು.

ಮೋಝಾರ್ಟ್ ವಿಯೆನ್ನಾದಲ್ಲಿ ತೀರಿಕೊಂಡ ಮರುವರ್ಷ, ಅಂದರೆ 1792ರ ಡಿಸೆಂಬರ್ 11ರಂದು, ಜೋಸೆಫ್ ಮೋರ್ ಜನಿಸಿದರು. ತಾಯಿ ಆನ್ನಾ ಶೋಯ್ಬರ್ ಕೈಹೆಣಿಗೆ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸು. ತಂದೆ ಫ್ರಾನ್ಸ್ ಮೋರ್ ಆರ್ಚ್‌ಬಿಷಪರ ಸೇನೆಯಲ್ಲಿ ಸಿಪಾಯಿ. ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಮಗು ಹುಟ್ಟುವ ಮೊದಲೇ ತಂದೆ ಸೇನೆಯನ್ನೂ ತಾಯಿಯನ್ನೂ ಬಿಟ್ಟು ಓಡಿಹೋಗಿದ್ದ. ಅಂಥ ಮಗುವಿಗೆ ಜ್ಞಾನಪಿತನಾಗಲು ಒಪ್ಪಿದವನು ನಗರದ ಮರಣದಂಡನೆ ಜಾರಿ ಮಾಡುವ ಅಧಿಕಾರಿ ವೋಲ್‌ಮೂತ್. ಜನ ಅವನ ಹತ್ತಿರ ಸುಳಿಯಲೂ ಹೆದರುತ್ತಿದ್ದರು. ಜ್ಞಾನಸ್ನಾನದ ದಿನ ಅವನೂ ಸ್ವತಃ ಬರದೆ ತನ್ನ ಅಡುಗೆಯವಳನ್ನು ಕಳುಹಿಸಿದ.

ಆ ಜ್ಞಾನಸ್ನಾನ ನಡೆದದ್ದು ಸಾಲ್ಸ್‌ಬರ್ಗ್ ಕೆಥೆಡ್ರಲ್‌ನಲ್ಲಿ. 1756ರಲ್ಲಿ ಮೋಝಾರ್ಟ್‌ಗೆ ಜ್ಞಾನಸ್ನಾನ ಕೊಟ್ಟ ಅದೇ ತೊಟ್ಟಿಯಲ್ಲಿ ಈ ತಂದೆಯಿಲ್ಲದ ಮಗುವಿಗೂ ಜ್ಞಾನಸ್ನಾನವಾಯಿತು. ಕೆಥೆಡ್ರಲ್ ಒಳಗೆ ಹೋದವರು ಆ ತೊಟ್ಟಿಯನ್ನು ಇಂದಿಗೂ ನೋಡಬಹುದು. ನದಿಯ ಬಲದಂಡೆಯಲ್ಲಿ ಸ್ಟೈನ್‌ಗಾಸ್ಸೆ ಎಂಬ ಇಕ್ಕಟ್ಟಾದ ಓಣಿಯಿದೆ. ಮೋರ್ ಹುಟ್ಟಿ ಬೆಳೆದದ್ದು ಅಲ್ಲೇ. ಮೋಝಾರ್ಟ್ ಮನೆಯ ಮುಂದಿನ ಜನಜಂಗುಳಿ ಇಲ್ಲಿ ಕಾಣಸಿಗದು.

ಹುಡುಗನ ದನಿ ಚೆನ್ನಾಗಿತ್ತು. ಕೆಥೆಡ್ರಲ್‌ನ ಗಾಯಕವೃಂದದ ಗುರು ಯೋಹಾನ್ ನೆಪೋಮುಕ್ ಹಿಯರ್ನ್‌ಲೆ ಅವನನ್ನು ಗುರುತಿಸಿ ಮಗನಂತೆ ಸಾಕಿ ವಿದ್ಯೆ ಕೊಡಿಸಿದರು. ಬಾಲಕ ಮೋರ್ ಹಾಡುತ್ತಾ, ವಯೊಲಿನ್ ನುಡಿಸುತ್ತಾ ಓದಿದ. ಮುಂದೆ ಸೆಮಿನರಿ ಸೇರುವ ಸಮಯದಲ್ಲಿ ಹುಟ್ಟಿನ ಕಳಂಕ ಅಡ್ಡ ಬಂತು. ವಿವಾಹವಿಲ್ಲದೆ ಹುಟ್ಟಿದವರು ಗುರುಗಳಾಗಲು ಅಂದಿನ ನಿಯಮದಂತೆ ವಿಶೇಷ ವಿನಾಯಿತಿ ಬೇಕಿತ್ತು. ಅದು ಸಿಕ್ಕಿ, 1815ರ ಆಗಸ್ಟ್ 21ರಂದು ಅವರಿಗೆ ಗುರುದೀಕ್ಷೆಯಾಯಿತು. ಆಗ ಅವರಿಗೆ ಇನ್ನೂ 22 ವರ್ಷ.

ಅದು ಸಂಕಷ್ಟದ ಕಾಲ. ಶತಮಾನಗಳಿಂದ ಆರ್ಚ್‌ಬಿಷಪರೇ ರಾಜರಾಗಿ ಆಳಿದ್ದ ಸಾಲ್ಸ್‌ಬರ್ಗ್ ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಕೈಯಿಂದ ಕೈಗೆ ದಾಟಿ ಕೊನೆಗೆ 1816ರಲ್ಲಿ ಆಸ್ಟ್ರಿಯಾಕ್ಕೆ ಸೇರಿತು. ಅದೇ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮವಾಗಿ ಚಳಿ ಬಿಡದೆ, ಬೆಳೆ ಕೈಕೊಟ್ಟು, ಜನ ಹಸಿವಿನಿಂದ ನರಳಿದರು. ಆಗ ಮೋರ್ ಅವರು ದಕ್ಷಿಣದ ಬೆಟ್ಟಸೀಮೆಯ ಮರಿಯಾಪ್ಫಾರ್ ಎಂಬ ಊರಿನಲ್ಲಿ ಸಹಾಯಕ ಗುರುಗಳಾಗಿದ್ದರು. ಓಡಿಹೋದ ತಂದೆಯ ಮೂಲ ಊರೂ ಅದೇ! ಯುದ್ಧ ಮತ್ತು ಹಸಿವಿನ ಆ ವರ್ಷದಲ್ಲೇ, ತಾಯಿ ಮಗುವಿನ ಸುತ್ತ ನೆಲೆಸಿದ ಶಾಂತಿಯ ಕುರಿತು ಅವರು ಆರು ಚರಣಗಳ ಪದ್ಯ ಬರೆದರು.

ಆರೋಗ್ಯ ಕೆಟ್ಟು ಅವರು ಮರಿಯಾಪ್ಫಾರ್ ಬಿಡಬೇಕಾಯಿತು. 1817ರಲ್ಲಿ ಸಾಲ್ಸ್‌ಬರ್ಗ್‌ನ ಉತ್ತರಕ್ಕಿರುವ ಓಬರ್ನ್‌ಡಾರ್ಫ್‌ಗೆ ಬಂದರು. ಅದು ಉಪ್ಪು ಸಾಗಿಸುವ ದೋಣಿಕಾರರ ಊರು. ನದಿಯೇ ಹೊಸ ಗಡಿಯಾದ ಕಾರಣ ಆಚೆ ದಡದ ಲಾಫನ್ ಪಟ್ಟಣ ಬವೇರಿಯಾ ಪಾಲಾಗಿತ್ತು, ಈಚೆಯ ಓಬರ್ನ್‌ಡಾರ್ಫ್ ಆಸ್ಟ್ರಿಯಾದಲ್ಲಿ ಉಳಿದಿತ್ತು. ಬಡತನ ಹೆಚ್ಚಿತ್ತು. ಹತ್ತಿರದ ಆರ್ನ್ಸ್‌ಡಾರ್ಫ್‌ನ ಶಾಲಾ ಶಿಕ್ಷಕ ಫ್ರಾನ್ಸ್ ಕ್ಸಾವರ್ ಗ್ರೂಬರ್ ಇಲ್ಲಿ ಆರ್ಗನ್ ನುಡಿಸುತ್ತಿದ್ದರು. ಇಬ್ಬರೂ ಸ್ನೇಹಿತರಾದರು.

1818ರ ಡಿಸೆಂಬರ್ 24ರಂದು ಮೋರ್ ತಮ್ಮ ಪದ್ಯವನ್ನು ಗ್ರೂಬರ್ ಕೈಗಿತ್ತು, ಎರಡು ದನಿ, ಗಾಯಕವೃಂದ ಮತ್ತು ಗಿಟಾರ್‌ಗೆ ಹೊಂದುವ ರಾಗ ಹಾಕಿಕೊಡಿ ಎಂದು ಕೇಳಿಕೊಂಡರು. ಅಂದೇ ರಾಗ ಸಿದ್ಧವಾಯಿತು. ಅಂದೇ ರಾತ್ರಿ ಸಂತ ನಿಕೋಲಸ್ ಚರ್ಚ್‌ನಲ್ಲಿ ಮೋರ್ ಗಿಟಾರ್ ಹಿಡಿದು ಹಾಡಿದರು, ಗ್ರೂಬರ್ ಜೊತೆಗೂಡಿದರು. ಇಲಿಗಳು ಆರ್ಗನ್‌ನ ತಿದಿ ಕಡಿದಿದ್ದರಿಂದ ಗಿಟಾರ್ ಬಂತು ಎಂಬ ಕತೆ ಮುಂದೆ ಯಾರೋ ಕಟ್ಟಿದ್ದು. ಗ್ರೂಬರ್ ಬರೆದಿಟ್ಟ ವಿವರದಲ್ಲಿ ಇಲಿಗಳ ಸುದ್ದಿಯೇ ಇಲ್ಲ.

ಆರ್ಗನ್ ದುರಸ್ತಿಗಾರ ಕಾರ್ಲ್ ಮಾವ್ರಾಖರ್ ಈ ಹಾಡನ್ನು ತನ್ನ ಊರಾದ ಸಿಲ್ಲರ್ ಕಣಿವೆಗೆ ಒಯ್ದ ಎನ್ನುತ್ತಾರೆ. ಅಲ್ಲಿನ ಸ್ಟ್ರಾಸ್ಸರ್ ಮತ್ತು ರೈನರ್ ಕುಟುಂಬದ ಗಾಯಕರು ಊರೂರು ಸುತ್ತಿ ಹಾಡಿದರು. 1839ರಲ್ಲಿ ಅದು ನ್ಯೂಯಾರ್ಕ್ ತಲುಪಿತು. ಆದರೆ ಬರೆದವರಾರು ಎಂಬುದು ಯಾರಿಗೂ ಬೇಕಿರಲಿಲ್ಲ. ದೊಡ್ಡ ಸಂಗೀತಗಾರರಲ್ಲಿ ಯಾರೋ ರಚಿಸಿರಬೇಕು ಎಂದೇ ಜನ ಭಾವಿಸಿದರು.

ಇತ್ತ ಮೋರ್ ಅವರ ಬಾಳು ಸುಗಮವಾಗಿರಲಿಲ್ಲ. ಓಬರ್ನ್‌ಡಾರ್ಫ್‌ನಲ್ಲಿ ಹಿರಿಯ ಗುರುಗಳೇ ಅವರ ಮೇಲೆ ದೂರು ಬರೆದಿದ್ದರು. 1819ರಲ್ಲಿ ಅಲ್ಲಿಂದ ವರ್ಗವಾಯಿತು. ಕೂಖ್ಲ್, ಗೋಲ್ಲಿಂಗ್ ಹೀಗೆ ಊರಿಂದ ಊರಿಗೆ ಅಲೆದು, ಹಿಂಟರ್‌ಸೇ ಎಂಬ ಕಾಡಿನಂಚಿನ ಊರಿನಲ್ಲಿ ಸುಮಾರು ಹತ್ತು ವರ್ಷ ಸೇವೆ ಸಲ್ಲಿಸಿ, 1837ರಲ್ಲಿ ವಾಗ್ರೈನ್ ಸೇರಿದರು. ಅಲ್ಲಿ ಅವರು ಶಾಲೆ ಕಟ್ಟಿಸಿದರು. ದೂರದ ಬೆಟ್ಟದ ಮನೆಗಳ ಬಡ ಮಕ್ಕಳೂ ಓದಬೇಕೆಂದು ನೆರವಿನ ನಿಧಿ ಮಾಡಿದರು. ವೃದ್ಧರ ಆರೈಕೆಗೂ ದಾರಿ ಮಾಡಿದರು. ಯಾರದೋ ದಯೆಯಿಂದ ಅಕ್ಷರ ಕಲಿತ ಹುಡುಗ ಆ ಋಣವನ್ನು ಹೀಗೆ ತೀರಿಸಿದ. 1848ರ ಡಿಸೆಂಬರ್ 4ರಂದು, 56 ತುಂಬಲು ಒಂದೇ ವಾರ ಇರುವಾಗ, ಶ್ವಾಸಕೋಶದ ಕಾಯಿಲೆಯಿಂದ ಅಲ್ಲೇ ತೀರಿಕೊಂಡರು. ಬಿಟ್ಟುಹೋಗಲು ಆಸ್ತಿ ಏನೂ ಇರಲಿಲ್ಲ. ಅವರ ಜೀವಿತಕಾಲದ ಒಂದು ಚಿತ್ರವೂ ಇಲ್ಲ.

ಆರು ವರ್ಷಗಳ ನಂತರ, 1854ರಲ್ಲಿ, ಬರ್ಲಿನ್‌ನ ರಾಜಾಸ್ಥಾನದ ಸಂಗೀತಗಾರರು ಈ ಹಾಡು ಮಿಖಾಯೆಲ್ ಹೈಡನ್‌ರದ್ದೇ ಎಂದು ಸಾಲ್ಸ್‌ಬರ್ಗ್‌ನಲ್ಲಿ ವಿಚಾರಿಸಿದರು. ಆಗ ಮುದುಕರಾಗಿದ್ದ ಗ್ರೂಬರ್ ನಡೆದದ್ದನ್ನು ಬರೆದುಕೊಟ್ಟರು. ಆದರೂ ಅನುಮಾನ ತೀರಾ ಅಳಿಯಲಿಲ್ಲ. 1995ರಲ್ಲಿ ಮೋರ್ ಅವರ ಸ್ವಂತ ಕೈಬರಹದ ಪ್ರತಿ ಬೆಳಕಿಗೆ ಬಂತು. ಪದ್ಯ ತಮ್ಮದು, 1816ರದ್ದು. ರಾಗ ಗ್ರೂಬರ್ ಅವರದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ದಾಖಲಾಗಿತ್ತು.

ಪ್ರವಾಸ ಹೋಗುವವರಿಗೆ ಕೆಲವು ಮಾತು. ಸಾಲ್ಸ್‌ಬರ್ಗ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಓಬರ್ನ್‌ಡಾರ್ಫ್ ತಲುಪಬಹುದು. ನೆರೆಹಾವಳಿಯಿಂದ ಹಾಳಾದ ಹಳೆಯ ಚರ್ಚ್ ಈಗಿಲ್ಲ. ಆ ಜಾಗದಲ್ಲಿ 1937ರಲ್ಲಿ ಪ್ರತಿಷ್ಠಾಪನೆಗೊಂಡ ಪುಟ್ಟ ಸ್ಮಾರಕ ದೇಗುಲವಿದೆ. ಮೋರ್ ಅವರ ಮುಖ ಹೇಗಿತ್ತೆಂದು ತಿಳಿಯಲು ಶಿಲ್ಪಿಯೊಬ್ಬರು 1912ರಲ್ಲಿ ಸಮಾಧಿಯಿಂದ ತೆಗೆಸಿದ ತಲೆಬುರುಡೆಯನ್ನು ಈ ದೇಗುಲದ ಗೋಡೆಯಲ್ಲೇ ಇರಿಸಲಾಗಿದೆ. ಡಿಸೆಂಬರ್ 24ರ ಸಂಜೆ ಇಲ್ಲಿ ಸಾವಿರಾರು ಜನ ಸೇರುತ್ತಾರೆ. ಸಾವಧಾನವಾಗಿ ನೋಡಬೇಕೆಂದರೆ ಬೇರೆ ದಿನ ಹೋಗುವುದು ಒಳಿತು. ನಗರದ ದಕ್ಷಿಣಕ್ಕೆ ರೈಲಿನಲ್ಲೇ ಹಾಲ್ಲೈನ್‌ಗೆ ಹೋದರೆ ಗ್ರೂಬರ್ ಅವರ ಮನೆ, ಸಮಾಧಿ ಮತ್ತು ಮೋರ್ ಅವರ ಗಿಟಾರ್ ಕಾಣಬಹುದು. ವಾಗ್ರೈನ್‌ಗೆ ಸಂಕ್ಟ್ ಯೋಹಾನ್‌ವರೆಗೆ ರೈಲು, ಮುಂದೆ ಬಸ್ಸು. ಇದಕ್ಕೆ ಪೂರ್ತಿ ಒಂದು ದಿನ ಬೇಕು. ಅಲ್ಲಿನ ಚರ್ಚ್ ಬಳಿಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಊರಿನ ಶಾಲೆ ಅವರ ಹೆಸರನ್ನೇ ಹೊತ್ತಿದೆ.

ಈ ಹಾಡು 300ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. 1914ರ ಕ್ರಿಸ್ಮಸ್ ರಾತ್ರಿ ಯುದ್ಧಭೂಮಿಯ ಕಂದಕಗಳಲ್ಲಿ ಶತ್ರುಗಳೂ ಇದನ್ನು ಹಾಡಿದರು. ತಂದೆಯ ಮುಖ ಕಾಣದೆ ಬೆಳೆದ ಒಬ್ಬ ಬಡ ತಾಯಿಯ ಮಗ, ಹಸಿದ ಊರಿನಲ್ಲಿ ಕುಳಿತು ತಾಯಿ ಮಗುವಿನ ಶಾಂತಿಯನ್ನು ಕಂಡ ಎಂಬುದು ಈ ಹಾಡಿನ ಹಿಂದಿರುವ ಸತ್ಯ. ಸಾಲ್ಸ್‌ಬರ್ಗ್‌ಗೆ ಹೋಗಲಾಗದವರೂ ಮುಂದಿನ ಕ್ರಿಸ್ಮಸ್ ರಾತ್ರಿ ಅದನ್ನು ಹಾಡುವಾಗ ಈ ಗುರುವನ್ನು ಒಮ್ಮೆ ನೆನೆಯಬಹುದಲ್ಲವೇ?