ದೇವಿಗೂ ಮೊದಲು ಒಂದು ಗೆರೆ

ಸರ್ಕಾರಿ ಸೇವೆಯಲ್ಲಿದ್ದಾಗ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದಿದ್ದೇನೆ. ಬೆಳೆಹಾನಿಯ ಪರಿಶೀಲನೆಗೆಂದು ಹೋದ ಆ ಮನೆಗಳಲ್ಲಿ, ಹೊಗೆ ಹಿಡಿದ ಕಟ್ಟಿನೊಳಗೆ ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟ ಕಾಣದ ಮನೆ ಕಡಿಮೆ. ಅದು ರಾಜಾ ರವಿವರ್ಮನ ಕೊಡುಗೆ.

1848ರಲ್ಲಿ ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಹುಟ್ಟಿದ ರವಿವರ್ಮ ಬಾಲ್ಯದಲ್ಲಿ ಗೋಡೆಗಳ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದನೆಂದೂ, ಸೋದರಮಾವ ಗದರುವ ಬದಲು ಕಲಿಸಿದನೆಂದೂ ಪ್ರತೀತಿ. ತೈಲವರ್ಣದ ಗುಟ್ಟನ್ನು ಅರಮನೆಯ ಚಿತ್ರಕಾರ ಹೇಳಿಕೊಡಲಿಲ್ಲ; ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಕಲಾವಿದ ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ. 1870ರಲ್ಲಿ ನಮ್ಮ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಮುಗಿಸಿ ಮರಳುವಾಗಲೇ ಹಣ ಕೊಟ್ಟು ಚಿತ್ರ ಬರೆಸುವ ಮೊದಲ ಮನೆತನ ಅವನಿಗೆ ದೊರೆಯಿತು.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಹುಣಸೆ ಕಡ್ಡಿಯ ಇದ್ದಿಲಿನಿಂದ, ಶಾಸ್ತ್ರದ ಅಳತೆಯಂತೆ ದೇವತೆಯ ಮೊದಲ ರೂಪ ಎಳೆಯುತ್ತಿದ್ದರು. ರವಿವರ್ಮ ಹಿಡಿದ ದಾರಿ ಬೇರೆ. ಅವನ ದೇವಿಗೂ ಮೊದಲು ನಮ್ಮ ನಿಮ್ಮಂಥ ಹೆಂಗಸೊಬ್ಬಳು ಎದುರಿಗೆ ನಿಲ್ಲಬೇಕು. ಅವಳ ಕತ್ತಿನ ಬಾಗು, ಬೆರಳ ಹಿಡಿತ, ಸೆರಗಿನ ನೆರಿಗೆ ಗೆರೆಗಳಲ್ಲಿ ಕೂಡಬೇಕು. ಬರೋಡಾ ಮಹಾರಾಜರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಕೇಳಿದಾಗ ಅವನು ಉಡುಗೆತೊಡುಗೆ ನೋಡಲು ಉತ್ತರ ಭಾರತವನ್ನೇ ಸುತ್ತಿಬಂದ. ದೇವಿ ಮನುಷ್ಯಳಾದಳೆಂದು ಪಂಡಿತರು ಆಕ್ಷೇಪಿಸಬಹುದು. ನನಗಂತೂ ಅದೇ ಅವನ ದೊಡ್ಡಸ್ತಿಕೆ.

1894ರಲ್ಲಿ ಅವನು ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಅಲ್ಲಿ ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಮೂಲಚಿತ್ರದ ಹೊರಗೆರೆಯನ್ನು ಮತ್ತೆ ಬರೆದು ಕಲ್ಲಿಗೆ ಇಳಿಸಬೇಕಿತ್ತು, ಬಣ್ಣಕ್ಕೊಂದು ಕಲ್ಲು. ಆ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಸರಿಯುತ್ತಿತ್ತು. ಹೀಗೆ ಕಲ್ಲಿನ ಮುಂದೆ ಬಗ್ಗಿ ಕುಳಿತವರನ್ನು ನಾವು ಮರೆತಿದ್ದೇವೆ. ಅರ್ಥಶಾಸ್ತ್ರ ಓದಿದ ನನಗೆ ಇನ್ನೊಂದು ಸಂಗತಿಯೂ ಕಾಡುತ್ತದೆ: ಪಟ ಅಗ್ಗವಾಯಿತು, ದೇವಸ್ಥಾನದ ಹೊಸ್ತಿಲು ದಾಟಲು ಬಿಡದವರ ಮನೆಗೂ ದೇವರು ಬಂದಳು; ಪಟ ಮಾಡಿದವನು ಮಾತ್ರ ಸಾಲಕ್ಕೆ ಸಿಕ್ಕಿ, ಮುದ್ರಣಾಲಯವನ್ನು ಅಲ್ಲಿನ ಜರ್ಮನ್ ತಂತ್ರಜ್ಞ ಷ್ಲೈಶರ್‌ಗೆ ಮಾರಿದ.

ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ಬರೆದ ಚಿತ್ರಗಳನ್ನು ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಅವನು ತೀರಿಕೊಂಡದ್ದು 1906ರ ಅಕ್ಟೋಬರ್ 2ರಂದು, ಕಿಳಿಮಾನೂರಿನಲ್ಲೇ.

ಹಿರೇಕೆರೂರು ಕಡೆಯ ಒಂದು ಮನೆಯಲ್ಲಿ ಪಟದ ಬಣ್ಣವೆಲ್ಲ ಮಾಸಿ, ಮೂಗು, ಕಣ್ಣು, ಕೈಗಳ ಗೆರೆಗಳಷ್ಟೇ ಉಳಿದಿದ್ದವು. ಹೊಸದು ತರಬಾರದೇ ಎಂದು ಕೇಳಿದೆ. ಆ ಮನೆಯ ಅಜ್ಜಿ ಉತ್ತರ ಕೊಡದೆ, ಗಾಜನ್ನು ಸೆರಗಿನಿಂದ ಒರೆಸಿ, ಗೆರೆಯ ಹಣೆಯಿದ್ದ ಜಾಗಕ್ಕೆ ಸರಿಯಾಗಿ ಕುಂಕುಮ ಇಟ್ಟಳು.