ಜೇಕಬ್ ಬರ್ನೌಲಿ

ಜೇಕಬ್ ಬರ್ನೌಲಿ (1655–1705) ಸ್ವಿಟ್ಜರ್ಲೆಂಡಿನ ಗಣಿತಜ್ಞ. ಲೆಕ್ಕದಿಂದ ದೊರೆಯುವ ಸೈದ್ಧಾಂತಿಕ ಸಂಭವನೀಯತೆಗೂ ಎಣಿಕೆಯಿಂದ ದೊರೆಯುವ ಪ್ರಾಯೋಗಿಕ ಸಂಭವನೀಯತೆಗೂ ಇರುವ ಸಂಬಂಧವನ್ನು ಮೊದಲ ಬಾರಿಗೆ ಗಣಿತದ ಮೂಲಕ ಸಾಧಿಸಿ ತೋರಿಸಿದವನು ಈತ. ಆ ಪ್ರಮೇಯ ಇಂದು ಬೃಹತ್ ಸಂಖ್ಯೆಗಳ ನಿಯಮವೆಂದು ಪ್ರಸಿದ್ಧವಾಗಿದೆ.

ಜನನ ಮತ್ತು ಶಿಕ್ಷಣ

ಬರ್ನೌಲಿ 1655ರ ಜನವರಿ 6ರಂದು (ಹಳೆಯ ಪಂಚಾಂಗದಂತೆ 1654ರ ಡಿಸೆಂಬರ್ 27) ಬಾಸೆಲ್ ನಗರದಲ್ಲಿ ಜನಿಸಿದನು. ತಂದೆ ನಿಕೋಲಾಸ್ ಸಂಬಾರ ಪದಾರ್ಥಗಳ ವರ್ತಕ. ಮಗ ಧರ್ಮಬೋಧಕನಾಗಬೇಕೆಂಬುದು ತಂದೆಯ ಇಚ್ಛೆ. ಅದರಂತೆ ಈತ ಬಾಸೆಲ್ ವಿಶ್ವವಿದ್ಯಾಲಯದಲ್ಲಿ 1671ರಲ್ಲಿ ತತ್ತ್ವಶಾಸ್ತ್ರದ ಪದವಿಯನ್ನೂ 1676ರಲ್ಲಿ ದೇವತಾಶಾಸ್ತ್ರದ ಪದವಿಯನ್ನೂ ಪಡೆದನು. ಆದರೆ ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಗಣಿತ ಹಾಗೂ ಖಗೋಳಶಾಸ್ತ್ರಗಳನ್ನೂ ಅಭ್ಯಸಿಸಿದನು. ಮುಂದೆ ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಮತ್ತು ಇಂಗ್ಲೆಂಡ್‌ಗಳಲ್ಲಿ ಸಂಚರಿಸಿ ರಾಬರ್ಟ್ ಬಾಯ್ಲ್, ರಾಬರ್ಟ್ ಹುಕ್ ಮೊದಲಾದ ವಿಜ್ಞಾನಿಗಳನ್ನು ಭೇಟಿಯಾದನು.

ವೃತ್ತಿ

1683ರಿಂದ ಬಾಸೆಲ್‌ನಲ್ಲಿ ಯಂತ್ರಶಾಸ್ತ್ರವನ್ನು ಬೋಧಿಸಿದ ಬರ್ನೌಲಿ, 1687ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕನಾಗಿ ಕೊನೆಯವರೆಗೂ ಆ ಹುದ್ದೆಯಲ್ಲಿದ್ದನು. ತಮ್ಮ ಯೊಹಾನ್‌ಗೆ ಗಣಿತ ಕಲಿಸಿದವನು ಈತನೇ. ಲೈಬ್ನಿಟ್ಸ್ ರೂಪಿಸಿದ ಕಲನಶಾಸ್ತ್ರವನ್ನು ಸೋದರರಿಬ್ಬರೂ ಸೇರಿ ಕರಗತ ಮಾಡಿಕೊಂಡು ಬೆಳೆಸಿದರು; ಕಾಲಕ್ರಮದಲ್ಲಿ ಪೈಪೋಟಿ ಬೆಳೆದು ಬಹಿರಂಗ ಕಲಹವಾಯಿತು. ಚಕ್ರಬಡ್ಡಿಯನ್ನು ಕುರಿತ ವಿಚಾರಣೆಯಲ್ಲಿ, ಇಂದು e ಎಂದು ಕರೆಯುವ ಸಂಖ್ಯೆ 2 ಮತ್ತು 3ರ ನಡುವೆ ಇದೆಯೆಂದು ಈತ ತೋರಿಸಿದನು.

ಸಂಭವನೀಯತೆಯ ಪ್ರಶ್ನೆ

ದಾಳದ ಆರು ಮುಖಗಳೂ ಸಮಾನ. ಆದ್ದರಿಂದ 4 ಬೀಳುವ ಸಂಭವನೀಯತೆ 1/6 ಎಂದು ದಾಳವನ್ನು ಉರುಳಿಸದೆಯೇ ಹೇಳಬಹುದು. ಇದು ಸೈದ್ಧಾಂತಿಕ ಸಂಭವನೀಯತೆ. ರೋಗ, ಮರಣ, ಹವಾಮಾನಗಳ ವಿಷಯದಲ್ಲಿ ಹೀಗೆ ಎಣಿಸಲು ಮುಖಗಳಿಲ್ಲ. ಅಲ್ಲಿ ವೀಕ್ಷಣೆಯೊಂದೇ ದಾರಿ ಎಂಬುದು ಬರ್ನೌಲಿಯ ನಿಲುವು. ಒಂದೇ ವಯಸ್ಸಿನ, ಒಂದೇ ಬಗೆಯ ದೇಹಸ್ಥಿತಿಯ 300 ಜನರಲ್ಲಿ 200 ಮಂದಿ ಹತ್ತು ವರ್ಷಗಳೊಳಗೆ ಮೃತಪಟ್ಟಿದ್ದರೆ, ಅಂಥದೇ ಇನ್ನೊಬ್ಬ ವ್ಯಕ್ತಿಯ ವಿಷಯದಲ್ಲಿ ಮರಣದ ಸಂಭವ ಬದುಕುಳಿಯುವ ಸಂಭವದ ಎರಡರಷ್ಟು ಎಂದು ಭಾವಿಸಬಹುದೆಂದು ಆತ ಉದಾಹರಿಸಿದನು. ಹೀಗೆ ದೊರೆಯುವ 2/3 ಎಂಬುದು ಪ್ರಾಯೋಗಿಕ ಸಂಭವನೀಯತೆ.

ಪ್ರಯೋಗ ಹೆಚ್ಚಿದಷ್ಟೂ ಅಂದಾಜು ನಿಖರವಾಗುತ್ತದೆ ಎಂಬುದು ಸಾಮಾನ್ಯರಿಗೂ ಹೊಳೆಯುವ ಮಾತು. ಆದರೆ ಅದು ನಿಜಮೌಲ್ಯವನ್ನು ಬೇಕಾದಷ್ಟು ಸಮೀಪಿಸುತ್ತದೆಯೇ, ಅದಕ್ಕೆ ಎಷ್ಟು ಪ್ರಯೋಗಗಳು ಸಾಕು ಎಂಬುದಕ್ಕೆ ಸಾಧನೆ ಇರಲಿಲ್ಲ. ಬರ್ನೌಲಿ ಸುಮಾರು 20 ವರ್ಷ ಈ ಪ್ರಶ್ನೆಯನ್ನು ಚಿಂತಿಸಿದನು.

ಪ್ರಮೇಯ

ಒಂದು ಪಾತ್ರೆಯಲ್ಲಿ 3000 ಬಿಳಿಯ ಹಾಗೂ 2000 ಕಪ್ಪು ಹರಳುಗಳಿವೆ ಎಂದು ಆತ ಕಲ್ಪಿಸಿದನು. ಒಂದೊಂದಾಗಿ ಹರಳನ್ನು ತೆಗೆದು, ಬಣ್ಣ ಗುರುತಿಸಿ, ಮತ್ತೆ ಪಾತ್ರೆಗೇ ಹಾಕಬೇಕು. ಬಿಳಿಯ ಹರಳು ಬರುವ ಸೈದ್ಧಾಂತಿಕ ಸಂಭವನೀಯತೆ 3/5. 25,550 ಬಾರಿ ಹೀಗೆ ಮಾಡಿದರೆ, ಬಿಳಿಯ ಹರಳು ಬಂದ ಪ್ರಮಾಣ 29/50 ಮತ್ತು 31/50ರ ನಡುವೆ ಇರುವ ಸಂಭವ ಅದರ ಹೊರಗಿರುವ ಸಂಭವಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಎಂದು ಆತ ಸಾಧಿಸಿದನು.

ಈ ನಿಯಮ ಪ್ರಮಾಣಕ್ಕೆ ಸಂಬಂಧಿಸಿದ್ದು, ಎಣಿಕೆಯ ಅಂತರಕ್ಕಲ್ಲ. ನಾಣ್ಯವನ್ನು 10 ಬಾರಿ ಚಿಮ್ಮಿದಾಗ 7 ಶಿರ ಬಂದರೆ ಪ್ರಮಾಣ 0.7, ಅರ್ಧಕ್ಕಿಂತ ಹೆಚ್ಚಾದದ್ದು 2. 1000 ಬಾರಿಯಲ್ಲಿ 510 ಶಿರ ಬಂದರೆ ಹೆಚ್ಚಳ 10ಕ್ಕೇರಿದರೂ ಪ್ರಮಾಣ 0.51ಕ್ಕೆ ಇಳಿಯುತ್ತದೆ. ಸತತವಾಗಿ ಶಿರ ಬಿದ್ದ ಮೇಲೆ ಪುಚ್ಛವೇ ಬೀಳಬೇಕೆಂಬ ನಂಬಿಕೆಗೆ ಈ ನಿಯಮದಲ್ಲಿ ಆಧಾರವಿಲ್ಲ.

ಹೊಸ ರೋಗಗಳು ಹುಟ್ಟುತ್ತಿರುವಾಗ ಹಿಂದಿನ ಮರಣಗಳ ಎಣಿಕೆ ಮುಂದಿನ ಕಾಲಕ್ಕೆ ಅನ್ವಯಿಸೀತೇ ಎಂದು ಲೈಬ್ನಿಟ್ಸ್ ಪತ್ರದಲ್ಲಿ ಸಂದೇಹಪಟ್ಟನು. ಪರಿಸ್ಥಿತಿ ಬದಲಾದರೆ ಹೊಸದಾಗಿ ವೀಕ್ಷಣೆ ನಡೆಸಬೇಕೆಂಬುದು ಬರ್ನೌಲಿಯ ಸಮಾಧಾನವಾಗಿತ್ತು.

ಮರಣ ಮತ್ತು ಗ್ರಂಥ ಪ್ರಕಟಣೆ

1705ರ ಆಗಸ್ಟ್ 16ರಂದು ಬರ್ನೌಲಿ ಬಾಸೆಲ್‌ನಲ್ಲಿ ನಿಧನನಾದನು. ತನ್ನ ಮೆಚ್ಚಿನ ಲಾಗರಿದಮ್ ಸುರುಳಿಯನ್ನು ಸಮಾಧಿಯ ಮೇಲೆ ಕೆತ್ತಿಸಬೇಕೆಂದು ಆತ ಬಯಸಿದ್ದನು; ಶಿಲ್ಪಿ ಆರ್ಕಿಮಿಡೀಸನ ಸುರುಳಿಯನ್ನು ಕೆತ್ತಿದನು. ಸಂಭವನೀಯತೆಯನ್ನು ಕುರಿತ ಲ್ಯಾಟಿನ್ ಗ್ರಂಥ 'ಆರ್ಸ್ ಕಂಜೆಕ್ಟಾಂಡಿ' ಆಗಿನ್ನೂ ಅಪೂರ್ಣವಾಗಿತ್ತು. ಎಂಟು ವರ್ಷಗಳ ಬಳಿಕ, 1713ರಲ್ಲಿ, ಅದು ಬೆಳಕು ಕಂಡಿತು. ಸೋದರನ ಮಗ ನಿಕೋಲಾಸ್ ಅದಕ್ಕೆ ಮುನ್ನುಡಿ ಬರೆದನು. ನಾಲ್ಕು ಭಾಗಗಳಲ್ಲಿ ಮೊದಲಿನ ಮೂರು ಹೈಗನ್ಸನ ಕೃತಿಯ ವ್ಯಾಖ್ಯಾನ, ಕ್ರಮಯೋಜನೆ–ವಿಕಲ್ಪಗಳು, ಅದೃಷ್ಟದಾಟಗಳನ್ನು ಕುರಿತವು. ಸಮಾಜ ಜೀವನಕ್ಕೆ ಸಂಭವನೀಯತೆಯನ್ನು ಅನ್ವಯಿಸಬೇಕಾಗಿದ್ದ ನಾಲ್ಕನೆಯ ಭಾಗ ಮೇಲಿನ ಪ್ರಮೇಯದೊಂದಿಗೇ ನಿಂತುಹೋಗಿದೆ.

ಪ್ರಭಾವ

ಡಿ ಮ್ವಾವ್ರ 1733ರಲ್ಲಿ ಈ ಲೆಕ್ಕಾಚಾರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದನು. 19ನೆಯ ಶತಮಾನದಲ್ಲಿ ಪ್ವಾಸಾನ್ ಇದಕ್ಕೆ ಬೃಹತ್ ಸಂಖ್ಯೆಗಳ ನಿಯಮವೆಂಬ ಹೆಸರಿಟ್ಟನು. ವಿಮೆಯ ಕಂತಿನ ನಿರ್ಧಾರ, ಮಾದರಿ ಸಮೀಕ್ಷೆ, ಔಷಧಿಗಳ ಪರೀಕ್ಷೆ ಮೊದಲಾದ ಕ್ಷೇತ್ರಗಳಲ್ಲಿ ಎಣಿಕೆಯ ಫಲಿತಾಂಶವನ್ನು ನಂಬಲು ಈ ನಿಯಮವೇ ಆಧಾರವಾಗಿದೆ.