ಶಾಕ್ ಹೊಡೆಯದ ಕರೆಂಟ್ ಹುಡುಕಿದ ಡಾಕ್ಟರ್: ಸೊಂಟನೋವಿಗೆ ‘ನರ ಸುಡುವ’ ಚಿಕಿತ್ಸೆ ಬಂದದ್ದು ಎಲ್ಲಿಂದ?

ಸೊಂಟನೋವಿಗೆ ಆಪರೇಷನ್ ಬೇಡ, ಸೂಜಿಯಲ್ಲಿ ಕರೆಂಟ್ ಕೊಟ್ಟು ನರ ಸುಟ್ಟರೆ ಜೀವನಪೂರ್ತಿ ನೋವಿಲ್ಲ ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಹಾಗೆ ಮಾಡಿಸಿಕೊಂಡರೆ ಕಾಲೇ ಬಿದ್ದುಹೋಗುತ್ತದೆ, ಹತ್ತಿರ ಸುಳಿಯಬೇಡಿ ಅಂತ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮಗ್ಗದ ಮುಂದೆ ವರ್ಷಗಟ್ಟಲೆ ಕೂತು ರೇಷ್ಮೆ ನೇಯ್ದವರಿದ್ದಾರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತವರಿದ್ದಾರೆ. ಇಲ್ಲಿ ಸೊಂಟನೋವು ಇಲ್ಲದ ಮನೆ ಹುಡುಕಬೇಕು. ಆದ್ದರಿಂದ ಈ ಎರಡು ಮೆಸೇಜ್‌ಗಳಲ್ಲಿ ಯಾವುದನ್ನು ನಂಬುತ್ತೇವೆ ಅನ್ನುವುದು ಸಣ್ಣ ವಿಷಯವಲ್ಲ. ಎರಡನ್ನೂ ಅಳೆಯಲು ನಾವು ಫ್ರಾನ್ಸಿನ ಒಬ್ಬ ಡಾಕ್ಟರ್ ಕಥೆಯಿಂದ ಶುರು ಮಾಡುತ್ತೇವೆ.

ಹೆಸರು ಜಾಕ್ ಆರ್ಸೆನ್ ದಾರ್ಸೊನ್ವಾಲ್. ಹುಟ್ಟಿದ್ದು 1851ರಲ್ಲಿ, ಫ್ರಾನ್ಸಿನ ಲಾ ಪೋರ್ಷೆರಿ ಎಂಬ ಹಳ್ಳಿಯಲ್ಲಿ. ಹೆಸರು ಹೊಸದು ಅನ್ನಿಸಿದರೂ ಇವರ ಕೆಲಸವನ್ನು ನೀವು ಮುಟ್ಟಿದ್ದೀರಿ. ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ಮುಳ್ಳು ಅತ್ತಿತ್ತ ಆಡುವ ಗ್ಯಾಲ್ವನೋಮೀಟರ್ ಇತ್ತಲ್ಲ, ಆ ಮಾದರಿಯನ್ನು 1882ರಲ್ಲಿ ರೂಪಿಸಿದ್ದು ಇವರು ಮತ್ತು ಮಾರ್ಸೆಲ್ ಡೆಪ್ರೆ. ಸಮುದ್ರದ ಮೇಲಿನ ಬಿಸಿನೀರು, ಆಳದ ತಣ್ಣೀರು ಇವೆರಡರ ವ್ಯತ್ಯಾಸದಿಂದ ವಿದ್ಯುತ್ ತೆಗೆಯಬಹುದು ಅಂತ 1881ರಲ್ಲೇ ಹೇಳಿದ್ದವರೂ ಇವರೇ.

ಓದಿದ್ದು ವೈದ್ಯಕೀಯ. ಪ್ಯಾರಿಸ್ಸಿನಲ್ಲಿ ದೊಡ್ಡ ಶರೀರವಿಜ್ಞಾನಿ ಕ್ಲೋದ್ ಬರ್ನಾರ್ ಅವರ ಸಹಾಯಕರಾಗಿ ಸೇರಿಕೊಂಡರು. 1878ರಲ್ಲಿ ಗುರುಗಳು ತೀರಿಕೊಂಡ ಮೇಲೆ ಬ್ರೌನ್ ಸೆಕಾರ್ ಅವರ ಜೊತೆ ಕೆಲಸ. ಈ ಬ್ರೌನ್ ಸೆಕಾರ್ 1889ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಹಂದಿಗಳ ವೃಷಣದ ರಸವನ್ನು ತಾವೇ ಚುಚ್ಚಿಕೊಂಡು ಯೌವನ ಮರಳಿತು ಅಂತ ಸಾರಿದರು. ಊರೆಲ್ಲ ಸುದ್ದಿ. ವಾಟ್ಸಾಪ್ ಇದ್ದಿದ್ದರೆ ಏನಾಗುತ್ತಿತ್ತೋ! ಆ ರಸಗಳನ್ನು ತಯಾರಿಸುವ ಕೆಲಸದಲ್ಲಿ ದಾರ್ಸೊನ್ವಾಲ್ ಕೈಯೂ ಇತ್ತು. ಆದ ಲಾಭ ಮನಸ್ಸಿನ ನಂಬಿಕೆಯದ್ದು, ರಸದ್ದಲ್ಲ ಎಂಬುದು ಇವತ್ತಿನ ವಿಜ್ಞಾನಿಗಳ ಅಭಿಪ್ರಾಯ. 1894ರಲ್ಲಿ ಬ್ರೌನ್ ಸೆಕಾರ್ ಸತ್ತಾಗ ಅವರ ಪ್ರೊಫೆಸರ್ ಸ್ಥಾನ ದಾರ್ಸೊನ್ವಾಲ್‌ಗೆ ಬಂತು.

ಅಷ್ಟರಲ್ಲಿ ಅವರ ಮುಖ್ಯ ಕೆಲಸ ಆಗಿಹೋಗಿತ್ತು. ನಮ್ಮ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. ಅದಕ್ಕೂ ಹತ್ತು ವರ್ಷ ಮುಂಚೆಯೇ, ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್ ಮೈಮೇಲೆ ಏನು ಮಾಡುತ್ತದೆ ಅಂತ ಅವರು ಪರೀಕ್ಷೆ ಮಾಡುತ್ತಿದ್ದರು. ದಿಕ್ಕು ಬದಲಾಗುವ ವೇಗ ಹೆಚ್ಚಿಸುತ್ತಾ ಹೋದಂತೆ ಸ್ನಾಯು ಮೊದಲು ಜೋರಾಗಿ ಸೆಟೆಯಿತು. ಒಂದು ಹಂತ ದಾಟಿದ ಮೇಲೆ ಸೆಟೆತ ಇಳಿಯತೊಡಗಿತು. ಸೆಕೆಂಡಿಗೆ ಸುಮಾರು 10,000 ಸಲ ಮೀರಿದಾಗ ಸ್ನಾಯು ಅಲುಗಲೇ ಇಲ್ಲ. ತಮ್ಮ ಮತ್ತು ಸಹಾಯಕರ ದೇಹದ ಮೂಲಕವೇ ಅಂಥ ಕರೆಂಟ್ ಹಾಯಿಸಿ ಬಲ್ಬ್ ಉರಿಸಿ ತೋರಿಸಿದರು. ಶಾಕ್ ಇಲ್ಲ, ಬರೀ ಬೆಚ್ಚಗಿನ ಅನುಭವ. (ಮನೆಯ ಪ್ಲಗ್ಗಿನ ಕರೆಂಟ್ ಸೆಕೆಂಡಿಗೆ 50 ಆವರ್ತದ್ದು, ಅದು ಕೊಲ್ಲುತ್ತದೆ. ದಯವಿಟ್ಟು ಯಾರೂ ಇದನ್ನು ಮಾಡಿ ನೋಡಬೇಡಿ.)

ಯಾಕೆ ಹೀಗೆ? ಭಾರ ತುಂಬಿದ ಗಾಡಿಯನ್ನು ಮುಂದಕ್ಕೆ ತಳ್ಳಿ, ಅದು ಉರುಳುವ ಮೊದಲೇ ಹಿಂದಕ್ಕೆ ಎಳೆದರೆ, ಹೀಗೇ ಬಿಡದೆ ಮಾಡಿದರೆ, ಚಕ್ರ ಮುಂದೆ ಹೋಗುವುದಿಲ್ಲ. ಆದರೆ ಉಜ್ಜಾಟಕ್ಕೆ ಅಚ್ಚು ಬಿಸಿಯಾಗುತ್ತದೆ. ನರಕ್ಕೆ ಚುರುಕು ಮುಟ್ಟಬೇಕಾದರೆ ಅದರ ಪೊರೆಯ ಆಚೀಚೆ ಉಪ್ಪಿನ ಕಣಗಳು ದಾಟಬೇಕು, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅತಿವೇಗದ ಕರೆಂಟ್ ಆ ಹೊತ್ತು ಕೊಡುವುದಿಲ್ಲ. ಉಳಿಯುವುದು ಬಿಸಿ ಮಾತ್ರ.

ಮುಂದಿನ ಭಾಗ ನಮಗೆ ಸ್ವಲ್ಪ ಬೇಸರ ತರಿಸುತ್ತದೆ. ಇಷ್ಟು ಶುದ್ಧವಾದ ಪ್ರಯೋಗದಿಂದ ಒಂದು ಫ್ಯಾಷನ್ ಹುಟ್ಟಿತು. ದೊಡ್ಡ ತಂತಿಯ ಪಂಜರದೊಳಗೆ ರೋಗಿಯನ್ನು ನಿಲ್ಲಿಸಿ ಕರೆಂಟ್ ಬಿಡುವ ಪದ್ಧತಿಗೆ ದಾರ್ಸೊನ್ವಾಲ್ ಹೆಸರೇ ಬಿತ್ತು, ಹತ್ತಾರು ರೋಗಕ್ಕೆ ಅದೇ ಮದ್ದು ಅಂತ ಪ್ರಚಾರವಾಯಿತು. ಇವತ್ತು ಬ್ಯೂಟಿ ಪಾರ್ಲರ್‌ಗಳಲ್ಲಿ ಹೈ ಫ್ರೀಕ್ವೆನ್ಸಿ ಅಂತ ಮುಖದ ಮೇಲೆ ಆಡಿಸುವ, ನೇರಳೆ ಬೆಳಕಿನ ಗಾಜಿನ ಕಡ್ಡಿಯೂ ಅದೇ ವಂಶದ್ದು. 1940ರ ಡಿಸೆಂಬರ್ 31ರಂದು, 89ನೇ ವಯಸ್ಸಿನಲ್ಲಿ, ಹುಟ್ಟಿದ ಹಳ್ಳಿಯಲ್ಲೇ ಅವರು ತೀರಿಕೊಂಡರು.

ಬಿಸಿಯನ್ನು ಒಂದೇ ಬಿಂದುವಿಗೆ ಇಡಬಹುದು ಅನ್ನುವುದನ್ನು ಬೇರೆಯವರು ಬಳಸಿಕೊಂಡರು. 1926ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್ ಇಂಥ ಕರೆಂಟಿನಿಂದ ರಕ್ತ ಸೋರುವುದನ್ನು ನಿಲ್ಲಿಸಿ ಮೆದುಳಿನ ಆಪರೇಷನ್ ಮಾಡಿದರು. 1970ರ ದಶಕದಲ್ಲಿ ಅದು ಬೆನ್ನಿನ ಕೀಲುಗಳ ನೋವಿಗೆ ಬಂತು. ಆದರೆ ಮೊದಮೊದಲು ಸೂಜಿ ಇಡುತ್ತಿದ್ದ ಜಾಗದಲ್ಲಿ ಆ ನರವೇ ಇರಲಿಲ್ಲ! ಆಸ್ಟ್ರೇಲಿಯಾದ ನಿಕೊಲಾಯ್ ಬೊಗ್ಡಕ್ ಶವಗಳಲ್ಲಿ ನರದ ದಾರಿ ಹುಡುಕಿ ಅದನ್ನು ತಿದ್ದಿದರು.

ಈಗ ನಮ್ಮ ಫಾರ್ವರ್ಡ್‌ಗಳಿಗೆ ಬರೋಣ. ಇವತ್ತಿನ ಯಂತ್ರದ ಕರೆಂಟ್ ಸೆಕೆಂಡಿಗೆ ಸುಮಾರು 5 ಲಕ್ಷ ಆವರ್ತದ್ದು. ಎಕ್ಸ್‌ರೇ ನೋಡಿಕೊಂಡು ಸೂಜಿ ಇಟ್ಟು, ಅದರ ತುದಿಯನ್ನು ಸುಮಾರು 80 ಡಿಗ್ರಿಗೆ ಒಂದು, ಒಂದೂವರೆ ನಿಮಿಷ ಕಾಯಿಸುತ್ತಾರೆ. ಸುಡುವುದು ಬೆನ್ನಿನ ಸಣ್ಣ ಕೀಲಿನಿಂದ ನೋವಿನ ಸುದ್ದಿ ಒಯ್ಯುವ ಎಳೆಯನ್ನು, ಕಾಲಿಗೆ ಹೋಗುವ ನರವನ್ನಲ್ಲ. ಖಾತ್ರಿ ಮಾಡಿಕೊಳ್ಳಲು, ಬಿಸಿ ಮಾಡುವ ಮೊದಲು ಅದೇ ಸೂಜಿಯಲ್ಲಿ ಸೆಕೆಂಡಿಗೆ 2 ಸಲದ ನಿಧಾನ ಕರೆಂಟ್ ಬಿಟ್ಟು ನೋಡುವುದು ವಾಡಿಕೆ. ನಿಧಾನದ ಕರೆಂಟ್ ಸ್ನಾಯುವನ್ನು ಕುಣಿಸುತ್ತದೆ, ವೇಗದ್ದು ಕುಣಿಸುವುದಿಲ್ಲ ಅನ್ನುವ ದಾರ್ಸೊನ್ವಾಲ್ ಪಾಠವೇ ಇಲ್ಲಿ ಕಾವಲುಗಾರ. ಕಾಲು ಅದುರಿದರೆ ಸೂಜಿಯ ಜಾಗ ಬದಲಿಸುತ್ತಾರೆ. ಸೋಂಕು, ಮರಗಟ್ಟುವಿಕೆ, ಕೆಲವು ದಿನದ ಉರಿನೋವು ಇಂಥ ತೊಂದರೆಗಳು ಇಲ್ಲವೇ ಇಲ್ಲ ಅಂತಲ್ಲ. ಆದರೆ ಮಾಡಿಸಿಕೊಂಡವರಿಗೆಲ್ಲ ಕಾಲು ಬೀಳುತ್ತದೆ ಅನ್ನುವುದು ಸುಳ್ಳು.

ಜೀವನಪೂರ್ತಿ ಅನ್ನುವುದೂ ಸುಳ್ಳೇ. ಆ ಎಳೆ ಮತ್ತೆ ಬೆಳೆಯುತ್ತದೆ. ಒಳ್ಳೆಯ ಫಲ ಸಿಕ್ಕವರಿಗೆ ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಆರಾಮ. ಆಮೇಲೆ ನೋವು ಮರಳಬಹುದು, ಬೇಕಾದರೆ ಮತ್ತೆ ಮಾಡಬಹುದು. ಡಿಸ್ಕ್ ಜಾರಿ ಕಾಲಿಗೆ ಎಳೆಯುವ ಸಯಾಟಿಕಾಗೆ ಇದು ಮದ್ದಲ್ಲ. ಸವೆದ ಕೀಲು ಇದರಿಂದ ಹೊಸದಾಗುವುದೂ ಇಲ್ಲ.

ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ: ಮೊದಲು ಮರಗಟ್ಟಿಸುವ ಔಷಧಿ ಚುಚ್ಚಿ ಪರೀಕ್ಷೆ ಮಾಡುತ್ತೀರಾ ಅಂತ. ಅದರಿಂದ ಕೆಲವು ಗಂಟೆ ನೋವು ಚೆನ್ನಾಗಿ ಇಳಿದರೆ ಮಾತ್ರ ಆ ನರ ಸುಡುವುದಕ್ಕೆ ಅರ್ಥವಿದೆ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಈ ಚಿಕಿತ್ಸೆಯ ಯೋಚನೆ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.